ಪಾವಗಡದ ಹಲ್ಲು

ನನ್ನ ಮುಂದಿನ ಹಲ್ಲು ಮುರಿದವರು ನಮ್ಮ ಮನೆಯವರೇ. ಹೀಗೆಂದರೆ ಕೇಳಿದವರು ಬೇರೆ ಏನೋ ಅಂದುಕೊಳ್ಳುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ನಲವತ್ತೊಂದು ವರ್ಷದ ಸಂಸಾರದಲ್ಲಿ ಆ ಮನುಷ್ಯ ನನ್ನ ಮೇಲೆ ಕೈ ಎತ್ತಿದವರಲ್ಲ. ಕೈ ಮುಂದು ನನ್ನದೇ. ಸೌಟು, ಲಟ್ಟಣಿಗೆ, ಸಿಟ್ಟು ಬಂದಾಗ ಏನು ಸಿಕ್ಕಿತೋ ಅದನ್ನು ಎಸೆದವಳು ನಾನು. ಅವತ್ತು ಅವರಿಗೆ ಸ್ನಾನ ಮಾಡಿಸುತ್ತಿದ್ದೆ. ಸೋಪು ಕಣ್ಣಿಗೆ ಹೋಯಿತು. ತಾನು ಎಲ್ಲಿ ಕೂತಿದ್ದೇನೆ, ತಲೆಯ ಮೇಲೆ ನೀರು ಸುರಿಯುತ್ತಿರುವವರು ಯಾರು, ಒಂದೂ ತಿಳಿಯದೆ ಗಾಬರಿಬಿದ್ದು ಕೈಲಿದ್ದ ಹಿತ್ತಾಳೆ ಚೊಂಬನ್ನು ಬೀಸಿದರು. ಅದು ನೇರ ನನ್ನ ಬಾಯಿಗೆ ಬಿತ್ತು.

"ನಿಮ್ ಕೈಗಿಷ್ಟು ಬೆಂಕಿ ಬೀಳ" ಎಂದು ಬೈದೆ. ಬಾಯಿ ತುಂಬ ರಕ್ತ. ಅದನ್ನು ನೋಡಿ ಅವರು ಮುದುಡಿಕೊಂಡು ಕೈ ಮುಗಿದರು. "ನಮ್ಮನೆಯೋಳ್ಗೆ ಹೇಳ್ಬೇಡ ಕಣಮ್ಮ, ನನ್ನ ಸುಮ್ನೆ ಬುಡಾಕಿಲ್ಲ ಅವ್ಳು" ಎಂದರು. ಬೈದ ನಾಲಿಗೆಯನ್ನು ಕಚ್ಚಿಕೊಂಡೆ.

ಅವರ ಹೆಸರು ಶಂಕರಲಿಂಗಪ್ಪ. ಬಾಯಲ್ಲಿ ಹೇಳುವುದಿಲ್ಲ, ಬರೆಯುವುದಕ್ಕೇನಂತೆ. ಮಧುಗಿರಿಯ ಬಸ್‌ಸ್ಟ್ಯಾಂಡಿನಲ್ಲಿ ಮೂವತ್ತೈದು ವರ್ಷ ಖಾಸಗಿ ಬಸ್ಸುಗಳ ಏಜೆಂಟರಾಗಿದ್ದವರು. ಕೊರಟಗೆರೆ, ಶಿರಾ, ಪಾವಗಡ ಎಂದು ದಿನವಿಡೀ ಕೂಗಿ ಜನ ಹತ್ತಿಸಿ ಬಸ್ಸು ಬಿಡಿಸುತ್ತಿದ್ದರು. ಮೂರು ವರ್ಷದ ಹಿಂದೆ ಅವರಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ ಮರೆತರು, ಆಮೇಲೆ ಮನೆಯ ದಾರಿ, ಆಮೇಲೆ ಮಗ ಗೌರೀಶನನ್ನು. ಮಗನಿಗೆ ಅದೇ ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ. ಅವನು ಮನೆಗೆ ಬಂದರೆ ಇವರು ಎದ್ದು ನಿಂತು, "ಎಲ್ಲಿಗೆ ಸಾರ್, ಸೀಟು ಐತೆ ಬನ್ನಿ" ಎನ್ನುತ್ತಿದ್ದರು. ಸೊಸೆ ಭವ್ಯಳನ್ನು ಆಸ್ಪತ್ರೆಯ ನರ್ಸು ಅಂದುಕೊಂಡಿದ್ದರು.

ನನ್ನನ್ನು ಮಾತ್ರ ಮರೆತಿರಲಿಲ್ಲ. ಮರೆತರೂ ವಾಪಸು ಕರೆತರುವ ಉಪಾಯ ನನಗೆ ಗೊತ್ತಿತ್ತು. ಬೆಳಿಗ್ಗೆ ಎದ್ದು ಯಾರೋ ಎನ್ನುವಂತೆ ನೋಡಿದರೆ, ಎದುರಿಗೆ ನಿಂತು ಈ ಎಂದು ಹಲ್ಲು ಕಿರಿಯುತ್ತಿದ್ದೆ. ಒಂದು ಗಳಿಗೆ ನೋಡುತ್ತಿದ್ದರು. ಮುಖ ಅರಳುತ್ತಿತ್ತು. "ಏಮೇ ಪಾವಗಡ, ಬಂದ್ಬುಟ್ಯಾ?" ಎನ್ನುತ್ತಿದ್ದರು. ಮದುವೆಯಾದ ಹೊಸತರಲ್ಲಿ ನನ್ನ ತೆಲುಗು ಬೆರೆತ ಮಾತನ್ನು ಆಡಿಕೊಳ್ಳಲು ಹಾಗೆ ಕರೆಯುತ್ತಿದ್ದರು. ಆಮೇಲೆ ಅದೇ ನನ್ನ ಹೆಸರಾಗಿಬಿಟ್ಟಿತ್ತು. ಸರ್ವಮಂಗಳಾ ಎಂದು ಅವರು ಕರೆದದ್ದು ನನಗಂತೂ ನೆನಪಿಲ್ಲ.

ನನ್ನ ಹಲ್ಲಿನಲ್ಲಿ ಅಂಥದ್ದೇನಿತ್ತು ಎಂದರೆ, ಅದು ಪಾವಗಡದ ಹಲ್ಲು. ನಾನು ಪಾವಗಡದ ಹತ್ತಿರದ ವಳ್ಳೂರಿನವಳು. ನಮ್ಮ ಕಡೆಯ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಕುಡಿದು ಬೆಳೆದ ಮಕ್ಕಳಿಗೆಲ್ಲ ಹಲ್ಲು ಕಂದು. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನಾನು ಹುಡುಗಿಯಾಗಿದ್ದಾಗ ಬೂದಿ, ಇದ್ದಿಲು, ಉಪ್ಪು, ಕೊನೆಗೆ ಇಟ್ಟಿಗೆ ಪುಡಿ ಹಾಕಿಯೂ ಉಜ್ಜಿದ್ದೇನೆ. ಒಸಡು ಕಿತ್ತುಬಂತೇ ಹೊರತು ಬಣ್ಣ ಹೋಗಲಿಲ್ಲ. ಗಂಡಿನವರು ನೋಡಲು ಬಂದ ದಿನ ನಮ್ಮವ್ವ, "ತುಟಿ ಬಿಚ್ಬೇಡ, ಕೇಳಿದ್ದಕ್ಕೆ ತಲೆ ಆಡ್ಸು ಸಾಕು" ಎಂದಿದ್ದಳು. ಹಾಗೇ ಮಾಡಿದೆ. ಮದುವೆಯಾಗಿ ಮಧುಗಿರಿಗೆ ಬಂದ ಮೂರನೇ ದಿನ ನಾದಿನಿ, "ಹಲ್ಲಿಗೆ ಕಾಚು ಬಳ್ಕೊಂಡವ್ಳಾ ಇವ್ಳು" ಎಂದು ಎಲ್ಲರೆದುರು ಕೇಳಿದಳು. ಅವತ್ತಿನಿಂದ ನಗುವಾಗ ಸೆರಗು ಬಾಯಿಗೆ ಬಂದದ್ದು ಹಾಗೇ ಉಳಿಯಿತು. ಮೋಸ ಮಾಡಿ ಕೊಟ್ಟ ಹುಡುಗಿ ನಾನು, ಈ ಮನುಷ್ಯ ಒಳ್ಳೆಯವನಾದ್ದರಿಂದ ಸುಮ್ಮನಿದ್ದಾನೆ ಎಂದೇ ಇಷ್ಟು ವರ್ಷ ತಿಳಿದಿದ್ದೆ.

ಚೊಂಬು ತಾಗಿದ ಹಲ್ಲು ಬೇರಿನಲ್ಲೇ ಸೀಳಿತ್ತು. ಚೂರುಚೂರಾಗಿ ತೆಗೆಯಬೇಕಾಯಿತು. ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯ ಹಲ್ಲಿನ ಡಾಕ್ಟರು ಪ್ರಿಯಾಂಕ ಚಿಕ್ಕ ವಯಸ್ಸಿನ ಹುಡುಗಿ. ಒಸಡು ಮಾಯಲಿ ಆಮೇಲೆ ನೋಡೋಣ ಎಂದು ಒಂದೂವರೆ ತಿಂಗಳು ಬಿಟ್ಟಳು. ಆ ಒಂದೂವರೆ ತಿಂಗಳನ್ನು ನಾನು ಹೇಗೆ ಕಳೆದೆನೋ ಆ ಶಿವನಿಗೇ ಗೊತ್ತು. ಹಲ್ಲು ಕಿರಿದರೆ ಅಲ್ಲೊಂದು ಕಿಂಡಿ. ಇವರು ಹೆದರಿ ಮುಖ ತಿರುಗಿಸುತ್ತಿದ್ದರು. ನನ್ನ ಕೈಯ ತುತ್ತು ಮುಟ್ಟುತ್ತಿರಲಿಲ್ಲ. ಭವ್ಯ ಕೊಟ್ಟರೆ ಎರಡು ತುತ್ತು ತಿಂದು, ಜಗುಲಿಗೆ ಹೋಗಿ ಕೂರುತ್ತಿದ್ದರು.

"ಯಾಕೆ ಮಾವ ಇಲ್ಲಿ ಕೂತ್ರಿ?" ಎಂದು ಭವ್ಯ ಕೇಳಿದರೆ, "ನಮ್ಮನೆಯೋಳು ತವರಿಗೆ ಹೋಗವ್ಳೆ. ಪಾವಗಡದ ಬಸ್ಸಿಗೆ ಬತ್ತಾಳೆ" ಎನ್ನುವರು.

ನಾನು ಅವರ ಬೆನ್ನ ಹಿಂದೆಯೇ ನಿಂತಿರುತ್ತಿದ್ದೆ.

ಒಸಡು ಮಾಯ್ದ ಮೇಲೆ ಡಾಕ್ಟರಮ್ಮ ನನ್ನನ್ನೂ ಭವ್ಯಳನ್ನೂ ಕೂರಿಸಿಕೊಂಡು ಹೇಳಿದಳು. "ಎರಡು ದಾರಿ ಇದೆ ಅಮ್ಮ. ಒಂದು ಬ್ರಿಡ್ಜು. ಕಿಂಡಿಯ ಆ ಕಡೆ ಈ ಕಡೆ ಇರೋ ಎರಡು ಹಲ್ಲನ್ನ ತೇದು ಸಣ್ಣ ಮಾಡ್ತೀವಿ. ಅದರ ಮೇಲೆ ಮೂರು ಹಲ್ಲು ಸೇರಿಸಿ ಒಂದೇ ಕ್ಯಾಪ್ ಕೂರಿಸ್ತೀವಿ. ಹತ್ತು ದಿನದ ಕೆಲಸ. ಇನ್ನೊಂದು ಇಂಪ್ಲಾಂಟು. ದವಡೆ ಮೂಳೆಗೆ ಒಂದು ಸ್ಕ್ರೂ ಹಾಕ್ತೀವಿ, ಮೂಳೆ ಅದನ್ನ ಹಿಡ್ಕೊಂಡ ಮೇಲೆ ಹಲ್ಲು ಕೂರಿಸೋದು. ಪಕ್ಕದ ಹಲ್ಲು ಮುಟ್ಟೋ ಹಾಗೇ ಇಲ್ಲ. ಆದ್ರೆ ನಾಲ್ಕೈದು ತಿಂಗಳು ಬೇಕು."

"ಇಂಪ್ಲಾಂಟೇ ಮಾಡಿಸ್ಕೊಳ್ಳಿ ಅತ್ತೆ," ಎಂದಳು ಭವ್ಯ. "ಗಟ್ಟಿಯಾಗಿರೋ ಎರಡು ಹಲ್ಲು ಯಾಕೆ ಹಾಳು ಮಾಡ್ಕೊತೀರಾ? ನಿಮ್ಮ ಮಗನೂ ಅದನ್ನೇ ಹೇಳಿದಾರೆ."

"ನಂಗೆ ಅಷ್ಟು ಟೈಮಿಲ್ಲ ಕಣಮ್ಮ" ಎಂದೆ.

ಡಾಕ್ಟರಮ್ಮ ಬೆದರಿ ನನ್ನ ಮುಖ ನೋಡಿದಳು. ನನಗೇ ಏನೋ ದೊಡ್ಡ ಕಾಯಿಲೆ ಇರಬೇಕು ಅಂದುಕೊಂಡಳು. ನನಗಲ್ಲ, ಇವರಿಗೆ ಎಂದು ಎಲ್ಲ ಬಿಡಿಸಿ ಹೇಳಿದೆ. ಈಗ ಇವರು ಹೆಂಡತಿಯನ್ನು ಕಾಯುತ್ತಿದ್ದಾರೆ, ನಾಲ್ಕು ತಿಂಗಳ ಮೇಲೆ ಹೆಂಡತಿ ಇದ್ದಳು ಎಂಬುದೇ ನೆನಪಿರುತ್ತದೋ ಇಲ್ಲವೋ ಎಂದೆ. ಅಲ್ಲಿಯವರೆಗೆ ತೆಗೆದು ಹಾಕುವ ಹಲ್ಲು ಕೊಡಲೇ ಎಂದು ಕೇಳಿದಳು. ಅದು ಒಂದು ದಿನ ಅವರೆದುರು ಬಾಯಿಂದ ಜಾರಿ ಬಿದ್ದರೆ ಕಥೆ ಮುಗಿದಂತೆ, ಬೇಡ ಎಂದೆ. ಬ್ರಿಡ್ಜೇ ಆಗಲಿ ಎಂದು ತೀರ್ಮಾನ ಮಾಡಿದವಳು ನಾನು, ಬೇರೆ ಯಾರೂ ಅಲ್ಲ.

ಹಲ್ಲು ತೇಯುವಾಗ ನೋವಾಗಲಿಲ್ಲ, ಇಂಜೆಕ್ಷನ್ ಕೊಟ್ಟಿದ್ದರು. ಸದ್ದು ಮಾತ್ರ ಕೇಳುತ್ತಿತ್ತು. ಐವತ್ತು ವರ್ಷದ ಮೇಲೆ ಒಂದು ಚೂರೂ ಅಲುಗಾಡದೆ ನಿಂತಿದ್ದ ಎರಡು ಹಲ್ಲು ಪುಡಿಯಾಗಿ ನೀರಿನಲ್ಲಿ ಹೋಯಿತು. ಹೋಗಲಿ ಬಿಡು ಅಂದುಕೊಂಡೆ.

ತಪ್ಪು ಮಾಡಿದ್ದು ಆಮೇಲೆ. ಡಾಕ್ಟರಮ್ಮ ಬಣ್ಣದ ಪಟ್ಟಿ ತಂದಳು. ಬಳೆ ಅಂಗಡಿಯಲ್ಲಿ ತೋರಿಸುವ ಹಾಗೆ ಹದಿನೈದಿಪ್ಪತ್ತು ಹಲ್ಲುಗಳನ್ನು ಸಾಲಾಗಿ ಜೋಡಿಸಿದ್ದರು. ಹಾಲಿನ ಬಿಳಿ, ಕೆನೆಯ ಬಿಳಿ, ಅರಿಶಿನ ತಾಗಿದಂಥ ಬಿಳಿ. ನನ್ನ ಬಣ್ಣ ಅದರಲ್ಲಿ ಇರಲೇ ಇಲ್ಲ. "ನಿಮ್ಮ ಕಡೆ ಹಲ್ಲಿಗೆ ಇದು ಹೊಂದಲ್ಲ ಅಮ್ಮ. ತುಮಕೂರಿನ ಲ್ಯಾಬಲ್ಲಿ ಕಂದು ಗೆರೆ ಬರೆದು ಕೊಡ್ತಾರೆ. ಉಳಿದ ಹಲ್ಲಿಂದು ಒಂದು ಫೋಟೋ ತಗೊಳ್ಳಾ?" ಎಂದು ಫೋನು ಎತ್ತಿದಳು. ನನ್ನ ಕೈ ತಾನಾಗಿ ಬಾಯಿಗೆ ಹೋಯಿತು.

"ಗೆರೆ ಗಿರೆ ಏನೂ ಬೇಡಮ್ಮ. ಬೆಳ್ಳಗೆ ಇರೋದೇ ಹಾಕು" ಎಂದೆ.

"ಅತ್ತೆ, ಮಾವಂಗೆ ಗುರುತು..." ಎಂದು ಭವ್ಯ ಬಾಯಿ ತೆರೆದಳು. "ಕಿಂಡಿ ತುಂಬಿದ್ರೆ ಸಾಕು, ಅವ್ರಿಗೆ ಗೊತ್ತಾಯ್ತದೆ. ನಂಗೆ ಹೇಳಾಕೆ ಬರ್ಬೇಡ" ಎಂದು ಗದರಿದೆ. ಹುಟ್ಟಿದಾಗಿನಿಂದ ಬೇಡಿದ್ದನ್ನು ಯಾರೋ ತಟ್ಟೆಯಲ್ಲಿಟ್ಟು ತೋರಿಸಿದಾಗ ಕಂದು ಬಣ್ಣದ್ದು ಕೊಡಿ ಎನ್ನಲು ನನ್ನ ನಾಲಿಗೆ ಹೊರಳಲಿಲ್ಲ. ನಮ್ಮ ಕಡೆ ಹುಟ್ಟಿದವರಿಗಲ್ಲದೆ ಇದು ಬೇರೆಯವರಿಗೆ ಅರ್ಥವಾಗುವುದಿಲ್ಲ. ಇವರಿಗೋಸ್ಕರ ಹಲ್ಲು ಎಂದು ಹೋದವಳು ನಾದಿನಿಯ ಮಾತಿಗೆ ಉತ್ತರ ಕೊಡಲು ಕೂತುಬಿಟ್ಟೆ. ಆ ನಾದಿನಿ ಸತ್ತು ಹನ್ನೊಂದು ವರ್ಷವಾಗಿತ್ತು.

ಹತ್ತು ದಿನಕ್ಕೆ ಬ್ರಿಡ್ಜು ಬಂತು, ಅಂಟು ಹಾಕಿ ಕೂರಿಸಿದರು. ಕನ್ನಡಿ ನೋಡಿಕೊಂಡೆ. ಸುಳ್ಳೇಕೆ ಹೇಳಲಿ, ಚೆನ್ನಾಗಿತ್ತು. ಆಟೋದಲ್ಲಿ ಬರುವಾಗ ಸೆರಗು ತೊಡೆಯ ಮೇಲೇ ಇತ್ತು. ಮನೆ ಮುಂದೆ ಇಳಿದೆ. ಇವರು ಜಗುಲಿಯ ಮೇಲೆ ಕೂತಿದ್ದರು. ಎದುರಿಗೆ ಹೋಗಿ ನಿಂತು ಬಾಯಿ ತುಂಬ ನಕ್ಕೆ.

ಅವರು ಎದ್ದು ನಿಂತರು. ಹೆಗಲ ಮೇಲಿನ ಟವೆಲ್ಲಿನಿಂದ ಜಗುಲಿ ಒರೆಸಿದರು.

"ಬನ್ನಿ ಟೀಚರಮ್ಮ, ಕೂತ್ಕಳಿ. ನಮ್ಮನೆಯೋಳು ಇಲ್ಲ, ಊರಿಗೆ ಹೋಗವ್ಳೆ" ಎಂದರು.

ಒಳಗೆ ಹೋಗಿ ಅಡುಗೆ ಮನೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದುಕೊಂಡು ಮತ್ತೆ ಬಂದು ನಕ್ಕೆ, ಮಾತಾಡಿಸಿದೆ, ಅವರಂತೆಯೇ ಏಮೇ ಎಂದೆ. ಅವರು ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟರು. ನಲವತ್ತೊಂದು ವರ್ಷದಲ್ಲಿ ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅವತ್ತೇ ಮೊದಲು. ಅಷ್ಟು ಹೊಟ್ಟೆ ಉರಿದದ್ದು ಯಾವ ಬೈಗುಳಕ್ಕೂ ಇಲ್ಲ.

ಮಾರನೇ ದಿನವೇ ಡಾಕ್ಟರಮ್ಮನ ಮುಂದೆ ಹೋಗಿ ಕೂತೆ. ಇದನ್ನು ಕತ್ತರಿಸಿ ತೆಗಿ, ನನ್ನ ಹಲ್ಲಿನ ಥರದ್ದೇ ಮಾಡಿಸಿಕೊಡು ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಮಾಡಿಸೋಣ ಅಮ್ಮ. ಆದ್ರೆ ಹೆಂಗಿತ್ತು ಅಂತ ಬೇಕಲ್ಲ. ಹಳೇ ಫೋಟೋ ಒಂದು ತನ್ನಿ, ಹಲ್ಲು ಕಾಣೋ ಅಂಥದ್ದು" ಎಂದಳು.

ಭವ್ಯ ಬೀರುವಿನಲ್ಲಿದ್ದ ಆಲ್ಬಮ್ಮುಗಳನ್ನೆಲ್ಲ ಕೆಳಗೆ ಹರಡಿದಳು. ಮದುವೆಯದ್ದು, ಗೌರೀಶನ ನಾಮಕರಣದ್ದು, ಧರ್ಮಸ್ಥಳಕ್ಕೆ ಹೋದದ್ದು, ಗೌರೀಶನ ಮದುವೆಯದ್ದು. ಒಂದರಲ್ಲೂ ನಾನು ತುಟಿ ಬಿಚ್ಚಿಲ್ಲ. ಎಲ್ಲರೂ ನಗುತ್ತಿರುವ ಕಡೆ ನಾನೊಬ್ಬಳು ಯಾರ ಮೇಲೋ ಸಿಟ್ಟು ಮಾಡಿಕೊಂಡವಳ ಹಾಗೆ ಬಿಗಿದುಕೊಂಡು ನಿಂತಿದ್ದೇನೆ. ಫೋನಿನಲ್ಲಿದ್ದ ಫೋಟೋಗಳಲ್ಲಿ ಸೆರಗು. ಕನ್ನಡಿಯಲ್ಲಿ ನೋಡಿಕೊಂಡಿರುತ್ತೀರಲ್ಲ ಅತ್ತೆ, ನೆನಪು ಮಾಡಿಕೊಂಡು ಹೇಳಿ ಎಂದಳು ಭವ್ಯ. ಕಂದಗಿತ್ತು ಎಂದೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ. ಆ ಹಲ್ಲನ್ನು ಕಣ್ಣುಬಿಟ್ಟು ನೋಡುವ ಧೈರ್ಯ ನಾನು ಯಾವತ್ತೂ ಮಾಡಿರಲಿಲ್ಲ.

ಗೊತ್ತಿದ್ದವರು ಒಬ್ಬರೇ. ಅವರನ್ನೇ ಕೇಳಬೇಕಾಯಿತು.

ಮಧ್ಯಾಹ್ನದ ಊಟ ಆಗಿತ್ತು. ಭವ್ಯಳ ಕೈಗೆ ಪೆನ್ನು ಪೇಪರು ಕೊಟ್ಟು ಬಾಗಿಲ ಮರೆಯಲ್ಲಿ ಕೂರಿಸಿದೆ. ನಾನು ಜಗುಲಿಯ ಇನ್ನೊಂದು ತುದಿಯಲ್ಲಿ, ಬಂದವರು ಕೂರುವ ಹಾಗೆ ಕೂತೆ. "ನಿಮ್ಮ ಮನೆಯೋರ ಹಲ್ಲು ಹೆಂಗಿತ್ತು?" ಎಂದೆ. ಸುತ್ತಿಬಳಸಿ ಕೇಳಲು ನನಗೆ ಬರುವುದಿಲ್ಲ.

ಅವರು ನಾಚಿಕೊಂಡರು. ಆ ವಯಸ್ಸಿನ ಗಂಡಸು ಹಾಗೆ ನಾಚಿದ್ದನ್ನು ನಾನು ನೋಡಿಲ್ಲ. ಬೀದಿಯ ಆ ಕಡೆ ಈ ಕಡೆ ನೋಡಿ ದನಿ ಇಳಿಸಿದರು.

"ಅವ್ಳ ಮುಂದೆ ಹೇಳ್ಬೇಡಿ ಮತ್ತೆ. ಎಡಗಡೆ ಮುಂದಿನ ಹಲ್ಲು ಪಕ್ಕದ ಹಲ್ಲಿನ ಮೇಲೆ ಒಂಚೂರು ಹತ್ಕಂಡೈತೆ, ರಷ್ಷಲ್ಲಿ ಸೀಟು ಹಿಡ್ದಂಗೆ. ಅದ್ರ ಮೇಲೆ ಎರಡು ಅಡ್ಡ ಗೆರೆ. ಮೇಲಿನದು ದಪ್ಪ, ಹಳೇ ಬೆಲ್ಲದ ಬಣ್ಣ. ಕೆಳಗಿನದು ಸಣ್ಣದು, ಅರ್ಧಕ್ಕೆ ನಿಂತೋಗೈತೆ. ಎರಡರ ಮಧ್ಯೆ ಒಂದು ಬಿಳಿ ಚುಕ್ಕೆ, ಗಸಗಸೆಯಷ್ಟು. ಪಕ್ಕದ ಎರಡು ಹಲ್ಲೂ ಕಂದೇಯಾ, ತುದಿ ಮಾತ್ರ ಬೆಳ್ಳಗೆ. ನಗ್ವಾಗ ಕೆಳಗಿನ ತುಟಿ ಆ ಹಲ್ಲಿಗೆ ಸಿಕ್ಕಾಕ್ಕಂತದೆ."

ಬಾಗಿಲ ಹಿಂದೆ ಪೆನ್ನಿನ ಸದ್ದು ನಿಂತುಹೋಗಿತ್ತು. ಭವ್ಯ ಅಳುತ್ತಿದ್ದಳು.

"ಮದುವೆಗೆ ಮುಂಚೆ ನಿಮಗೆ ಗೊತ್ತಿರ್ಲಿಲ್ಲ ಅಲ್ವಾ?" ಎಂದೆ. "ಹೆಣ್ಣಿನ ಕಡೆಯೋರು ಮುಚ್ಚಿಟ್ಟಿದ್ರು ಅಲ್ವಾ?"

"ಯಾರು ಹೇಳಿದ್ದು?" ಎಂದು ನಕ್ಕರು. "ನೋಡಾಕೆ ಹೋದಾಗ ಬಾಯೇ ಬುಡ್ಲಿಲ್ಲ, ಮೂಗಿಯೇನೋ ಅಂದ್ಕಂಡೆ. ಬ್ಯಾಡ ಅಂತ್ಲೇ ಎದ್ದೆ. ಹೊಂಟ್ವಲ್ಲ, ನಮ್ಮ ಚಿಕ್ಕಪ್ಪ ಅಂಗಳದಾಗೆ ಸಗಣಿ ಮೇಲೆ ಕಾಲಿಟ್ಟು ಜಾರಿ ಬಿದ್ದ. ಬಾಗಿಲ ಸಂದಿಯಾಗೆ ನಿಂತಿದ್ಲು, ನಕ್ಬುಟ್ಲು. ಅವಾಗ ಕಂಡೆ. ದಾರಿಯಾಗೇ ನಮ್ಮಪ್ಪಂಗೆ ಹೇಳ್ದೆ, ಆದ್ರೆ ಇವ್ಳನ್ನೇ ಅಂತ. ಒಂದಿನ ಸೆರಗು ತೆಗಿಯೇ, ಚಂದಾಗೈತೆ ಅಂದಿದ್ಕೆ ಆಡ್ಕಂತೀಯಾ ಅಂತ ಸೌಟು ಎಸೆದ್ಲು. ಆಮೇಲೆ ನಾನು ಆ ಸುದ್ದಿಗೇ ಹೋಗ್ಲಿಲ್ಲ."

ಸೌಟು ಎಸೆದದ್ದು ನನಗೆ ನೆನಪಿತ್ತು. ಯಾಕೆ ಎಸೆದೆ ಎಂಬುದು ಮರೆತಿತ್ತು. ನಾನೇ ಕಣ್ರೀ ಅವಳು, ಇಲ್ಲೇ ಕೂತಿದ್ದೇನೆ ಎಂದು ಅವರ ಎರಡೂ ಕೈ ಹಿಡಿದುಕೊಂಡೆ. ಗಾಬರಿಯಿಂದ ಕೈ ಕಿತ್ತುಕೊಂಡು ಎದ್ದರು. "ಇದು ಚಂದಾಗಿರಲ್ಲ ಟೀಚರಮ್ಮ. ಅವ್ಳು ಬರೋ ಹೊತ್ತು, ನೀವು ಹೊಂಡಿ" ಎಂದರು. ನಾನು ಎದ್ದು ಪಕ್ಕದ ಸಂದಿಯಿಂದ ಹಿತ್ತಿಲ ಬಾಗಿಲಿಗೆ ಹೋಗಿ ಒಳಗೆ ಬಂದೆ.

ಬರೆದ ಕಾಗದ ತುಮಕೂರಿಗೆ ಹೋಯಿತು. ಬಿಳಿ ಬ್ರಿಡ್ಜು ಕತ್ತರಿಸಿ ತೆಗೆದು ತಾತ್ಕಾಲಿಕವಾಗಿ ಪ್ಲಾಸ್ಟಿಕ್ ಕ್ಯಾಪು ಹಾಕಿದರು. ಲ್ಯಾಬಿನವನು ಮೊದಲ ಸಲ ಗೆರೆ ದಪ್ಪ ಬರೆದುಬಿಟ್ಟಿದ್ದ, ಭವ್ಯ ಒಪ್ಪದೆ ವಾಪಸು ಕಳಿಸಿದಳು. ಎಲ್ಲ ಸೇರಿ ಇಪ್ಪತ್ತೆರಡು ದಿನ ಹಿಡಿಯಿತು. ಅಷ್ಟರಲ್ಲಿ ಇವರು ಜಗುಲಿಗೆ ಹೋಗುವುದನ್ನು ಕಡಿಮೆ ಮಾಡಿದರು. ಆಮೇಲೆ ಬಿಟ್ಟೇಬಿಟ್ಟರು. ಊಟವೂ ಹಾಗೇ. ಭವ್ಯ ಕೊಟ್ಟರೂ ತುಟಿ ಬಿಗಿ ಹಿಡಿಯತೊಡಗಿದರು. ಹೆಂಡತಿಯ ಮಾತೇ ಎತ್ತುತ್ತಿರಲಿಲ್ಲ.

ಹಲ್ಲು ಕೂರಿಸಿದ ದಿನ ಕನ್ನಡಿಯಲ್ಲಿ ಮೊದಲ ಸಲ ಅದನ್ನು ಸರಿಯಾಗಿ ನೋಡಿದೆ. ಅವರು ಹೇಳಿದ ಹಾಗೇ ಇತ್ತು. ಗೆರೆ ಎರಡು, ಒಂದು ಅರ್ಧಕ್ಕೆ ನಿಂತದ್ದು, ನಡುವೆ ಆ ಚುಕ್ಕೆ. ಚಂದವಾಗಿಯೇ ಇತ್ತು.

ಮನೆಗೆ ಬಂದು ಒಂದು ತಟ್ಟೆಗೆ ಮುದ್ದೆ ಸಾರು ಬಡಿಸಿಕೊಂಡು ಅವರ ಮಂಚದ ಹತ್ತಿರ ಹೋದೆ. ಗೋಡೆಯ ಕಡೆ ತಿರುಗಿ ಕೂತಿದ್ದರು. ತಟ್ಟೆ ಎದುರಿಗಿಟ್ಟು, ಕೆಳಗೆ ಕೂತು, ಅವರ ಮುಖಕ್ಕೆ ನೇರವಾಗಿ ನಕ್ಕೆ. ತುಟಿ ಹಲ್ಲಿಗೆ ಸಿಕ್ಕಿಕೊಂಡಿತು.

ಅವರ ಕಣ್ಣು ಅಲ್ಲೇ ನಿಂತಿತು. ಬಗ್ಗಿ ನೋಡಿದರು. ಒಂದು ಬೆರಳು ಮುಂದೆ ತಂದು ಆ ಗೆರೆಯನ್ನು ಮುಟ್ಟಿದರು. ಈಗ ಕರೆಯುತ್ತಾರೆ, ಈಗ ಕರೆಯುತ್ತಾರೆ ಎಂದು ಕಾದೆ.

"ತಾವೂ ಪಾವಗಡದ ಕಡೆಯೋರಾ?" ಎಂದರು.

"ಹೂಂ" ಎಂದೆ.

"ಹಲ್ಲು ನೋಡಿದ್ರೆ ಗೊತ್ತಾಯ್ತದೆ. ನಮ್ಮನೆಯೋಳೂ ಆ ಕಡೆಯೋಳೇ." ಬೆರಳನ್ನು ಹಿಂದೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು. "ಹೋಗ್ಬುಟ್ಲು ಕಣಮ್ಮ."

"ಯಾರು ಹೇಳಿದ್ರು ನಿಮ್ಗೆ?"

"ಯಾರು ಹೇಳ್ಬೇಕು? ಬಂದ ಬಸ್ಸೆಲ್ಲ ನೋಡ್ದೆ. ಜೀವ ಇದ್ದಿದ್ರೆ ಇಷ್ಟು ದಿನ ನನ್ನ ಬುಟ್ಟು ಇರೋಳಲ್ಲ ಅವ್ಳು." ಅವರ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಬೇಕೆಂಬುದೂ ಅವರಿಗೆ ಹೊಳೆಯಲಿಲ್ಲ. "ನನ್ನ ಕರ್ಕೊಂಡೂ ಹೋಗ್ಲಿಲ್ಲ, ಮುಖಾನೂ ತೋರಿಸ್ಲಿಲ್ಲ. ಮಣ್ಣು ಮಾಡಿದ ಮೇಲೆ ಹಾಲು ತುಪ್ಪ ಬುಟ್ರೋ ಇಲ್ವೋ, ಅದೂ ಗೊತ್ತಿಲ್ಲ. ನೀವು ಆ ಕಡೆಯೋರಲ್ವಾ, ನಿಮ್ಗೇನಾದ್ರೂ ಗೊತ್ತಾ?"

ಬಾಗಿಲಲ್ಲಿ ನಿಂತಿದ್ದ ಭವ್ಯ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನನಗೂ ಬಾಯಿ ಬಡಿದುಕೊಂಡು ಅಳಬೇಕೆನಿಸಿತು. ಅತ್ತು ಯಾರಿಗೆ ಏನು ತಿಳಿಸುವುದು. ಈ ಮನುಷ್ಯ ಎರಡು ದಿನದಿಂದ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ, ಹೆಂಡತಿ ಸತ್ತ ಸೂತಕದಲ್ಲಿ ಕೂತಿದ್ದ.

"ಗೊತ್ತು" ಎಂದೆ. "ನಾನು ಅಲ್ಲೇ ಇದ್ದೆ. ಗದ್ದುಗೆ ಚೆನ್ನಾಗಿ ಮಾಡಿದ್ರು. ಐನೋರು ಬಂದಿದ್ರು. ವಿಭೂತಿ ಇಟ್ಟು, ಹೂವು ಹಾಕಿ, ಊರೋರೆಲ್ಲ ಬಂದು ಕಳಿಸ್ಕೊಟ್ರು. ಮೂರನೇ ದಿನ ಹಾಲು ತುಪ್ಪಾನೂ ಆಯ್ತು. ಯಾವುದಕ್ಕೂ ಕಮ್ಮಿ ಮಾಡ್ಲಿಲ್ಲ."

"ನರಳಿದ್ಲಾ?"

"ಇಲ್ಲ. ನಿಮ್ಮನ್ನ ಕೇಳಿದ್ಲು. ಊಟ ಬುಡ್ಬೇಡ ಅಂತ ಹೇಳು ಅಂದ್ಲು."

ಅವರು ತಲೆ ಆಡಿಸಿದರು. ಆಮೇಲೆ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ಬೇಡ ಅಂದ್ರೆ ಬೈತಾಳೆ ಎಂದು ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ನಾನು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಕೊಟ್ಟೆ, ತಿಂದರು.